ಬಾಗಿಲು ಮುಚ್ಚುವವರು, ದಾರಿ ಹುಡುಕುವವರು: ಕೇಂದ್ರವಿಲ್ಲದ ಜಾಲಗಳ ಕಥೆ

ಕಳೆದ ರಾಜ್ಯೋತ್ಸವದ ಸಮಯದಲ್ಲಿ ನಮ್ಮ ಕೂಟಕ್ಕೆ ಆದ ಪೇಚು ಸದಸ್ಯರೆಲ್ಲರಿಗೂ ನೆನಪಿರಬಹುದು. ಕಾರ್ಯಕ್ರಮಕ್ಕೆ ಇನ್ನು ಮೂರೇ ದಿನ ಎನ್ನುವಾಗ, ದೊಡ್ಡ ಕಂಪನಿಯೊಂದರ ಸಾಮಾಜಿಕ ಜಾಲದಲ್ಲಿದ್ದ ನಮ್ಮ ಪುಟ ಇದ್ದಕ್ಕಿದ್ದಂತೆ ಮಾಯವಾಯಿತು. ಕಾರಣ ಕೇಳಿದರೆ ‘ನಿಯಮೋಲ್ಲಂಘನೆ’ ಎಂಬ ಒಂದೇ ಸಾಲಿನ ಉತ್ತರ. ಯಾವ ನಿಯಮ, ಯಾವ ಉಲ್ಲಂಘನೆ, ಉತ್ತರ ಬರೆದದ್ದು ಮನುಷ್ಯರೋ ಯಂತ್ರವೋ, ಒಂದೂ ತಿಳಿಯಲಿಲ್ಲ. ಎರಡು ವಾರ ಕಳೆದ ಮೇಲೆ ಪುಟ ತಾನಾಗಿಯೇ ಮರಳಿ ಬಂತು. ಅಷ್ಟು ಹೊತ್ತಿಗೆ ನಾವೆಲ್ಲ ಬಿಸಿಬೇಳೆಭಾತ್ ಉಂಡು ಕೈ ತೊಳೆದಾಗಿತ್ತು. ಅಂದು ಜನರನ್ನು ಸೇರಿಸಿದ್ದು ದೂರವಾಣಿ ಮತ್ತು ನೀವು ಈಗ ಕೈಯಲ್ಲಿ ಹಿಡಿದಿರುವ ಈ ಝೆರಾಕ್ಸ್ ಪತ್ರಿಕೆ.

ಅಂದಿನಿಂದ ನಮ್ಮ ಯುವಕ ಯುವತಿಯರು ಒಂದು ಸಲಹೆಯನ್ನು ಮುಂದಿಟ್ಟಿದ್ದಾರೆ. ಒಬ್ಬ ಯಜಮಾನನ ಕೈಯಲ್ಲಿರುವ ಜಾಲ ನಮಗೆ ಬೇಡ, ಕೇಂದ್ರವೇ ಇಲ್ಲದ ಜಾಲವೊಂದಕ್ಕೆ ಹೋಗೋಣ, ಅಲ್ಲಿ ನಮ್ಮದೇ ಸರ್ವರ್ ಇಟ್ಟುಕೊಳ್ಳೋಣ, ಅಲ್ಲಿ ಯಾರೂ ನಮ್ಮ ಬಾಯಿ ಮುಚ್ಚಿಸಲಾರರು ಎಂದು ಅವರ ವಾದ. ಮುಂದಿನ ವಾರ್ಷಿಕ ಸಭೆಯಲ್ಲಿ ಇದು ಮತಕ್ಕೆ ಬರಲಿದೆ. ‘ಹಾಗೆಂದರೇನು ಸ್ವಾಮಿ?’ ಎಂದು ನನ್ನ ವಯಸ್ಸಿನವರು ಕೇಳುತ್ತಿದ್ದಾರೆ. ಕಂಪ್ಯೂಟರಿನ ಜೊತೆಗೇ ನೌಕರಿ ಸವೆಸಿದವನೆಂದು ಸಂಪಾದಕರು ಈ ಕೆಲಸವನ್ನು ನನಗೆ ಹಚ್ಚಿದರು. ಯಂತ್ರದ ವಿವರಕ್ಕಿಂತ ಇತಿಹಾಸ ಹೆಚ್ಚು ಉಪಯೋಗಕ್ಕೆ ಬಂದೀತೆಂದು ನನಗೆ ತೋರಿತು. ಏಕೆಂದರೆ ಈ ವಿಚಾರ ಕಂಪ್ಯೂಟರಿಗಿಂತ ಹಳೆಯದು.

ಒಂದು ಬೀದಿಯ ಕರೆಂಟು

೧೯೭೫ರ ಜೂನ್ ೨೫ರ ರಾತ್ರಿಯಿಂದ ಆರಂಭಿಸೋಣ. ತುರ್ತು ಪರಿಸ್ಥಿತಿ ಜಾರಿಯಾದ ಆ ರಾತ್ರಿ ದೆಹಲಿಯ ಬಹದ್ದೂರ್ ಷಾ ಜಫರ್ ಮಾರ್ಗದಲ್ಲಿ ಕರೆಂಟು ಹೋಯಿತು. ಹಲವು ದೊಡ್ಡ ಪತ್ರಿಕೆಗಳ ಮುದ್ರಣಾಲಯಗಳು ಇದ್ದದ್ದು ಆ ಒಂದೇ ಬೀದಿಯಲ್ಲಿ. ಬೆಳಿಗ್ಗೆ ಬೆಂಗಳೂರಿನಲ್ಲಿದ್ದ ವಾಜಪೇಯಿ, ಆಡ್ವಾಣಿ ಮುಂತಾದ ವಿರೋಧ ಪಕ್ಷದ ನಾಯಕರು ಬಂಧನಕ್ಕೊಳಗಾದಾಗ, ದೇಶದ ರಾಜಧಾನಿಯ ಎಷ್ಟೋ ಓದುಗರ ಮನೆಗೆ ಪತ್ರಿಕೆಯೇ ಬಂದಿರಲಿಲ್ಲ. ಮೂರು ದಿನದ ಮೇಲೆ ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ತನ್ನ ಪ್ರತಿಭಟನೆ ಸೂಚಿಸಿತು.

ಇಷ್ಟಾದರೂ ಆ ೨೧ ತಿಂಗಳು ಸುದ್ದಿ ಸಂಪೂರ್ಣ ನಿಲ್ಲಲಿಲ್ಲ. ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಬೀದಿಯೊಂದರ ಫ್ಯೂಸ್ ಕಿತ್ತರೆ ದೊಡ್ಡ ಮುದ್ರಣಾಲಯ ನಿಲ್ಲುತ್ತದೆ. ಕೈಯಲ್ಲಿ ತಿರುಗಿಸುವ ಯಂತ್ರಕ್ಕೆ ಕರೆಂಟೇ ಬೇಡ, ಮತ್ತು ಅದು ಯಾವ ಮನೆಯ ಅಟ್ಟದ ಮೇಲಿದೆಯೆಂದು ಹುಡುಕುವುದೂ ಸುಲಭವಲ್ಲ. ಕೇಂದ್ರವಿಲ್ಲದ ಜಾಲದ ಗುಟ್ಟೆಲ್ಲ ಇದರಲ್ಲೇ ಇದೆ.

ಕಾರ್ಬನ್ ಕಾಗದದ ಸರಪಳಿ

ಈ ಗುಟ್ಟನ್ನು ವರ್ಷಗಟ್ಟಲೆ ಪಾಲಿಸಿ ತೋರಿಸಿದವರು ಸೋವಿಯತ್ ಒಕ್ಕೂಟದ ಕೆಲವು ಸಾಮಾನ್ಯ ಜನ. ಅಲ್ಲಿ ಮುದ್ರಣಾಲಯಗಳೆಲ್ಲ ಸರ್ಕಾರದವು. ಝೆರಾಕ್ಸ್ ಯಂತ್ರಗಳು ಬೀಗ ಹಾಕಿದ ಕೋಣೆಯಲ್ಲಿ, ಕಾವಲಿನಲ್ಲಿ. ಜನರ ಬಳಿ ಉಳಿದಿದ್ದದ್ದು ಟೈಪ್‌ರೈಟರ್, ತೆಳು ಕಾಗದ ಮತ್ತು ಕಾರ್ಬನ್. ೧೯೬೮ರ ಏಪ್ರಿಲ್ ೩೦ರಂದು ಮಾಸ್ಕೋದಲ್ಲಿ ಕವಯಿತ್ರಿ ನತಾಲ್ಯಾ ಗೊರ್ಬನೆವ್‌ಸ್ಕಾಯಾ ‘ಪ್ರಚಲಿತ ಘಟನೆಗಳ ವರದಿ’ ಎಂಬ ಅರ್ಥದ ಹೆಸರಿನ ಪತ್ರಿಕೆಯೊಂದನ್ನು ಟೈಪ್ ಮಾಡಿದರು. ಯಾರನ್ನು ಬಂಧಿಸಿದರು, ಎಲ್ಲಿ ವಿಚಾರಣೆ, ಯಾವ ಶಿಬಿರದಲ್ಲಿ ಯಾರಿದ್ದಾರೆ ಎಂಬ ಒಣ ಸುದ್ದಿಗಳಷ್ಟೇ ಅದರಲ್ಲಿ. ಆವೇಶದ ಮಾತಿಲ್ಲ, ಬೈಗುಳವಿಲ್ಲ. ಮುಖಪುಟದ ಮೇಲೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯಲ್ಲಿ ಅಭಿಪ್ರಾಯ ಸ್ವಾತಂತ್ರ್ಯವನ್ನು ಹೇಳುವ ೧೯ನೆಯ ಕಲಮು ಇರುತ್ತಿತ್ತು.

ಒಮ್ಮೆ ಟೈಪ್ ಮಾಡಿದರೆ ಕೆಲವೇ ಪ್ರತಿ. ಅದನ್ನು ಪಡೆದವರು ಮತ್ತೆ ಟೈಪ್ ಮಾಡಿ ತಮಗೆ ಗೊತ್ತಿದ್ದವರಿಗೆ ಕೊಡಬೇಕು. ಸುದ್ದಿ ಕಳಿಸುವ ಬಗೆಯನ್ನು ಆ ಪತ್ರಿಕೆಯೇ ಓದುಗರಿಗೆ ತಿಳಿಸಿತ್ತು. ನಿಮಗೆ ಪ್ರತಿ ಕೊಟ್ಟವರ ಕೈಗೇ ನಿಮ್ಮ ಸುದ್ದಿ ಕೊಡಿ. ಅವರು ತಮಗೆ ಕೊಟ್ಟವರಿಗೆ ಮುಟ್ಟಿಸುತ್ತಾರೆ. ಈ ಸರಪಳಿಯ ಜಾಡು ಹಿಡಿದು ಹೋಗುವ ಪ್ರಯತ್ನ ಮಾಡಬೇಡಿ, ನಿಮ್ಮನ್ನು ಪೊಲೀಸರ ಗೂಢಚಾರರೆಂದು ತಿಳಿದಾರು. ನೋಡಿ, ಇಪ್ಪತ್ತು ವರ್ಷಗಳ ನಂತರ ಕಂಪ್ಯೂಟರ್ ತಜ್ಞರು ಹೊಗಳಿದ ವ್ಯವಸ್ಥೆಯನ್ನು ಇವರು ಕಾಗದದಲ್ಲೇ ಕಟ್ಟಿದ್ದರು. ಪ್ರತಿಯೊಬ್ಬರಿಗೂ ಪಕ್ಕದವರು ಮಾತ್ರ ಗೊತ್ತು. ಒಬ್ಬರು ಸಿಕ್ಕಿಬಿದ್ದರೂ ಉಳಿದವರು ಉಳಿಯುತ್ತಾರೆ.

ಆದರೆ ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿಗಳು ಬೇರೆ ಎರಡಿವೆ. ಮೊದಲನೆಯದು, ಆ ಪತ್ರಿಕೆ ತನ್ನ ತಪ್ಪುಗಳನ್ನು ತಾನೇ ಪ್ರಕಟಿಸುತ್ತಿತ್ತು. ಕಳೆದ ಸಂಚಿಕೆಯಲ್ಲಿ ಹೆಸರು ತಪ್ಪಾಗಿತ್ತು, ತಾರೀಖು ತಪ್ಪಾಗಿತ್ತು ಎಂದು ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ. ಕೇಳುವ ಅಧಿಕಾರಿ ಯಾರೂ ಇಲ್ಲದಿದ್ದಾಗಲೂ ತಾವೇ ಸತ್ಯಕ್ಕೆ ಕಾವಲು ನಿಂತರು. ಎರಡನೆಯದು, ಹೊಣೆ. ಗೊರ್ಬನೆವ್‌ಸ್ಕಾಯಾ ಅವರನ್ನು ೧೯೬೯ರ ಡಿಸೆಂಬರಿನಲ್ಲಿ ಬಂಧಿಸಿ ಮುಂದೆ ಮಾನಸಿಕ ಆಸ್ಪತ್ರೆಯಲ್ಲಿ ಕೂಡಿಹಾಕಿದರು. ಪತ್ರಿಕೆ ಬೇರೆ ಕೈಗಳಲ್ಲಿ ಮುಂದುವರಿಯಿತು. ೧೯೭೨ರ ಕೊನೆಯ ಹೊತ್ತಿಗೆ ಗುಪ್ತ ಪೊಲೀಸರು ಹೊಸ ಉಪಾಯ ಹೂಡಿದರು. ಪ್ರತಿ ಹೊಸ ಸಂಚಿಕೆಗೂ ಹೊಸ ಬಂಧನಗಳಾಗುತ್ತವೆ, ಅದನ್ನು ಹೊರತಂದವರೇ ಸಿಕ್ಕಬೇಕೆಂದೇನೂ ಇಲ್ಲ ಎಂಬ ಬೆದರಿಕೆ. ಇನ್ನೊಬ್ಬರನ್ನು ಜೈಲಿಗೆ ಕಳಿಸಿ ಪತ್ರಿಕೆ ತರುವುದು ಹೇಗೆ? ಪತ್ರಿಕೆ ನಿಂತಿತು. ೧೯೭೪ರ ಮೇ ತಿಂಗಳಲ್ಲಿ ತತ್ಯಾನಾ ವೆಲಿಕನೋವಾ, ಸೆರ್ಗೈ ಕೊವಲ್ಯೋವ್, ತತ್ಯಾನಾ ಖೊದರೋವಿಚ್ ಎಂಬ ಮೂವರು ವಿದೇಶೀ ಪತ್ರಕರ್ತರ ಮುಂದೆ ಬಂದು, ಇನ್ನು ಮುಂದೆ ಇದನ್ನು ಹಂಚುವುದು ನಾವು, ಹೊಣೆ ನಮ್ಮದು ಎಂದು ಹೆಸರು ಹೇಳಿಯೇ ಘೋಷಿಸಿದರು. ನಿಂತಿದ್ದ ಸಂಚಿಕೆಗಳನ್ನು ಒಟ್ಟಿಗೇ ಹೊರತಂದರು. ಅದೇ ವರ್ಷದ ಕೊನೆಯಲ್ಲಿ ಕೊವಲ್ಯೋವ್ ಅವರ ಬಂಧನವಾಯಿತು. ೭ ವರ್ಷ ಶಿಬಿರ, ೩ ವರ್ಷ ಗಡೀಪಾರು. ವೆಲಿಕನೋವಾ ಅವರನ್ನು ೧೯೭೯ರಲ್ಲಿ ಹಿಡಿದರು. ೪ ವರ್ಷ ಶಿಬಿರ, ೫ ವರ್ಷ ಗಡೀಪಾರು. ಹೀಗೆ ಹದಿನೈದು ವರ್ಷಗಳಲ್ಲಿ ೬೦ಕ್ಕೂ ಹೆಚ್ಚು ಸಂಚಿಕೆಗಳು ಹೊರಬಂದವು.

ಸರಪಳಿ ಸುದ್ದಿಯನ್ನು ಉಳಿಸಿತು, ಮನುಷ್ಯರನ್ನು ಉಳಿಸಲಿಲ್ಲ. ಇದನ್ನು ನಾವು ಮರೆಯಬಾರದು.

ನಮ್ಮ ನಾರ್ತ್ ಕ್ಯಾರೊಲೈನಾದ ಕೊಡುಗೆ

ಅತ್ತ ಮಾಸ್ಕೋದಲ್ಲಿ ಕಾರ್ಬನ್ ಕಾಗದ ಸವೆಯುತ್ತಿದ್ದಾಗಲೇ, ಇತ್ತ ನಾವು ವಾಸವಾಗಿರುವ ಈ ರಾಜ್ಯದಲ್ಲಿ ಅದೇ ಬಗೆಯ ವ್ಯವಸ್ಥೆ ಕಂಪ್ಯೂಟರಿಗೆ ಬಂತು. ೧೯೭೯ರಲ್ಲಿ ಡರಮ್‌ನ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಇದರ ಯೋಜನೆ ಹಾಕಿದರು. ಪಕ್ಕದ ಚಾಪೆಲ್ ಹಿಲ್‌ನಲ್ಲಿ ಓದುತ್ತಿದ್ದ ಸ್ಟೀವ್ ಬೆಲೋವಿನ್ ಮೊದಲ ಪ್ರೋಗ್ರಾಮ್ ಬರೆದರು. ಹೆಸರು ಯೂಸ್‌ನೆಟ್. ರಾತ್ರಿ ಒಂದು ಕಂಪ್ಯೂಟರ್ ಇನ್ನೊಂದಕ್ಕೆ ಸಾಧಾರಣ ದೂರವಾಣಿಯಲ್ಲಿ ಕರೆ ಮಾಡಿ, ನಿನ್ನಲ್ಲಿ ಇಲ್ಲದ್ದನ್ನು ನನ್ನಿಂದ ತೆಗೆದುಕೋ, ನನ್ನಲ್ಲಿ ಇಲ್ಲದ್ದನ್ನು ಕೊಡು ಎನ್ನುತ್ತಿತ್ತು. ಪ್ರತಿ ಕಂಪ್ಯೂಟರಿನಲ್ಲೂ ಎಲ್ಲ ಬರಹಗಳ ಪ್ರತಿ. ಮುಖ್ಯ ಕಚೇರಿ ಇಲ್ಲ, ಯಜಮಾನನಿಲ್ಲ. ನಮ್ಮಲ್ಲಿ ಹಳಬರಿಗೆ ನೆನಪಿರಬಹುದು, ಕರ್ನಾಟಕದ ಹೆಸರಿನಲ್ಲೂ ಅಲ್ಲೊಂದು ಚರ್ಚಾಗುಂಪು ಇತ್ತು. ಕನ್ನಡ ಲಿಪಿ ತೆರೆಯ ಮೇಲೆ ಮೂಡದ ಆ ಕಾಲದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆದು ಊರಿನ ನೆನಪು ತೀರಿಸಿಕೊಳ್ಳುತ್ತಿದ್ದೆವು.

ಯಜಮಾನನಿಲ್ಲದ ಮನೆಯಲ್ಲೂ ಯಾರೋ ಒಬ್ಬರು ಯಜಮಾನಿಕೆ ಮಾಡಲು ಹೊರಡುತ್ತಾರೆ ತಾನೆ? ಎಂಬತ್ತರ ದಶಕದ ನಡುವಿನಲ್ಲಿ ಯೂಸ್‌ನೆಟ್ಟಿನ ದೊಡ್ಡ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಕೆಲವರು, ಯಾವ ವಿಷಯದ ಗುಂಪು ಇರಬೇಕು, ಅದಕ್ಕೆ ಏನು ಹೆಸರಿರಬೇಕು ಎಂದು ತೀರ್ಮಾನಿಸತೊಡಗಿದರು. ಅದಕ್ಕೊಪ್ಪದ ಬ್ರಯನ್ ರೀಡ್, ಜಾನ್ ಗಿಲ್‌ಮೋರ್, ಗಾರ್ಡನ್ ಮಾಫೆಟ್ ೧೯೮೭ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಹೋಟೆಲೊಂದರಲ್ಲಿ ಊಟಕ್ಕೆ ಕುಳಿತು, ಆ ದೊಡ್ಡವರ ಅಪ್ಪಣೆ ಬೇಕಿಲ್ಲದ ಪರ್ಯಾಯ ಗುಂಪುಗಳ ಸಾಲನ್ನೇ ತೆರೆದರು. ರೀಡ್ ಅವರಿಗೆ ಬೇಕಾಗಿದ್ದದ್ದು ತಮ್ಮ ಅಡುಗೆಯ ಗುಂಪಿಗೆ ತಾವು ಇಟ್ಟ ಹೆಸರು! ಸ್ವಾತಂತ್ರ್ಯದ ಜಗಳ ಎಷ್ಟೋ ಸಲ ಒಗ್ಗರಣೆಯ ವಿಷಯದಿಂದಲೇ ಶುರುವಾಗುತ್ತದೆ. ಅದೇ ಗಿಲ್‌ಮೋರ್ ೧೯೯೩ರಲ್ಲಿ ಹೇಳಿದ ಮಾತು ಮುಂದೆ ಗಾದೆಯಂತಾಯಿತು. ಜಾಲವು ಸೆನ್ಸಾರನ್ನು ಕೆಟ್ಟುಹೋದ ರಸ್ತೆಯೆಂದು ಭಾವಿಸಿ ಬೇರೆ ದಾರಿಯಿಂದ ಸುತ್ತಿಕೊಂಡು ಹೋಗುತ್ತದೆ ಎಂಬುದು ಅದರ ಭಾವ.

ಮಾಸ್ಕೋದ ಮೂರು ದಿನ

ಆ ಮಾತು ಹುಟ್ಟುವ ಮೊದಲೇ ಅದರ ಪರೀಕ್ಷೆ ನಡೆದುಹೋಗಿತ್ತು. ೧೯೯೦ರಲ್ಲಿ ಮಾಸ್ಕೋದ ಕುರ್ಚಾತೋವ್ ಪರಮಾಣು ಸಂಸ್ಥೆಯ ತಜ್ಞರು ಮತ್ತು ಡೆಮೋಸ್ ಎಂಬ ಸಹಕಾರಿ ಸಂಸ್ಥೆಯವರು ಸೇರಿ ರೆಲ್‌ಕಾಮ್ ಎಂಬ ಜಾಲವನ್ನು ಆರಂಭಿಸಿದ್ದರು. ದೇಶದೊಳಗೆ ಹತ್ತಾರು ನಗರಗಳು, ಹೊರಗೆ ಫಿನ್ಲೆಂಡಿಗೆ ಒಂದು ದೂರವಾಣಿ ಸಂಪರ್ಕ, ಅಲ್ಲಿಂದ ಯೂಸ್‌ನೆಟ್ಟಿಗೆ. ೧೯೯೧ರ ಆಗಸ್ಟ್ ೧೯ರಂದು ಗೊರ್ಬಚೇವ್ ಅವರನ್ನು ಬದಿಗೊತ್ತಿ ಕೆಲವರು ಅಧಿಕಾರ ಹಿಡಿಯಲು ಹೊರಟರು. ಟ್ಯಾಂಕುಗಳು ಮಾಸ್ಕೋದ ಬೀದಿಗಿಳಿದವು. ಪತ್ರಿಕೆಗಳಲ್ಲಿ ಬೆರಳೆಣಿಕೆಯಷ್ಟನ್ನು ಬಿಟ್ಟು ಉಳಿದವಕ್ಕೆ ನಿಷೇಧ. ಟೆಲಿವಿಷನ್ನಿನಲ್ಲಿ ‘ಸ್ವಾನ್ ಲೇಕ್’ ಬ್ಯಾಲೆ ನೃತ್ಯ.

ಡೆಮೋಸ್ ಕಚೇರಿಯ ಎಂಜಿನಿಯರುಗಳು ಮನೆಗೆ ಹೋಗಲಿಲ್ಲ. ಬೀದಿಯಲ್ಲಿ ಕಂಡದ್ದನ್ನೂ ಯೆಲ್ತ್ಸಿನ್ ಕಡೆಯವರ ಹೇಳಿಕೆಗಳನ್ನೂ ಜಾಲದಲ್ಲಿ ಹಾಕತೊಡಗಿದರು. ಬೇರೆ ಊರುಗಳಲ್ಲಿ ರೆಲ್‌ಕಾಮ್ ಇರುವವರಿಗೆ, ನಿಮ್ಮ ಕಿಟಕಿಯಿಂದ ಏನು ಕಾಣುತ್ತದೋ ಅದನ್ನೇ ಬರೆಯಿರಿ ಎಂದು ಕೇಳಿಕೊಂಡರು. ಹೊರದೇಶದವರ ಉತ್ಸಾಹವೂ ಅಷ್ಟೇ. ಆ ಇಕ್ಕಟ್ಟಾದ ಒಂದೇ ತಂತಿಯ ಮೇಲೆ ಕುತೂಹಲದ ಪ್ರಶ್ನೆಗಳನ್ನೆಲ್ಲ ಸುರಿದರು. ಕೊನೆಗೆ ಡೆಮೋಸ್‌ನ ವದೀಮ್ ಅಂತೋನೋವ್, ದಯವಿಟ್ಟು ಬೇಡದ ಪ್ರಶ್ನೆ ಕಳಿಸಿ ದಾರಿ ಮುಚ್ಚಬೇಡಿ ಎಂದು ಬೇಸರದಿಂದ ಬರೆಯಬೇಕಾಯಿತು. ಸಹಾಯ ಮಾಡುವ ಆತುರವೂ ಬಾಗಿಲು ಮುಚ್ಚಬಲ್ಲದು! ಆಗಸ್ಟ್ ೨೧ರ ಹೊತ್ತಿಗೆ ಆ ಸಂಚು ಕುಸಿದುಬಿತ್ತು. ಅದನ್ನು ಕೆಡವಿದ್ದು ಕಂಪ್ಯೂಟರ್ ಜಾಲ ಎಂದರೆ ಬೀದಿಗಿಳಿದ ಸಾವಿರಾರು ಜನರಿಗೆ, ಪ್ರಾಣ ತೆತ್ತ ಮೂವರು ಯುವಕರಿಗೆ ಅನ್ಯಾಯವಾದೀತು. ಆದರೆ ಸುಳ್ಳಿನ ಮೂರು ದಿನಗಳಲ್ಲಿ ನಿಜ ತಿಳಿಯಲು ಒಂದು ಕಿಂಡಿ ತೆರೆದಿತ್ತು. ಆ ಕಿಂಡಿ ತೆರೆದಿದ್ದದ್ದು ಅಲ್ಲಿ ಕುಳಿತವರು ಎದ್ದು ಹೋಗದೆ ಇದ್ದುದರಿಂದ.

ಎರಡು ಪಾಠ

ಯೂಸ್‌ನೆಟ್ಟಿನ ಎರಡು ಪ್ರಸಂಗಗಳನ್ನು ಒಟ್ಟಿಗೆ ನೋಡಬೇಕು. ೧೯೯೫ರ ಡಿಸೆಂಬರಿನಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಅಧಿಕಾರಿಗಳು ಅಶ್ಲೀಲತೆಯ ವಿಚಾರಣೆ ನಡೆಸುತ್ತಿದ್ದರು. ಅವರಿಗೆ ಹೆದರಿದ ಕಂಪ್ಯೂಸರ್ವ್ ಕಂಪನಿ ಸುಮಾರು ೨೦೦ ಗುಂಪುಗಳನ್ನು ಮುಚ್ಚಿತು. ಮುಚ್ಚಿದ್ದು ಜರ್ಮನಿಯವರಿಗೆ ಮಾತ್ರವಲ್ಲ, ಜಗತ್ತಿನಾದ್ಯಂತ ಇದ್ದ ಅದರ ೪೦ ಲಕ್ಷ ಗ್ರಾಹಕರಿಗೆಲ್ಲ. ಒಂದೂರಿನ ಪೊಲೀಸರು, ಒಂದೇ ಕಂಪನಿ, ಇಡೀ ಜಗತ್ತಿಗೆ ಬೀಗ. ಆದರೆ ಬೇರೆ ಸರ್ವರುಗಳ ಮೂಲಕ ಅದೇ ಗುಂಪುಗಳನ್ನು ಓದುವವರು ಓದುತ್ತಲೇ ಇದ್ದರು. ಕೇಂದ್ರವಿಲ್ಲದ್ದರ ಲಾಭ ಇದು.

ಇನ್ನೊಂದು ಪ್ರಸಂಗ ನಮ್ಮವರಿಗೆ ಹತ್ತಿರದ್ದು. ೧೯೯೪ರ ಏಪ್ರಿಲಿನಲ್ಲಿ ಅರಿಜೋನಾದ ವಕೀಲ ದಂಪತಿಗಳು ಗ್ರೀನ್ ಕಾರ್ಡ್ ಲಾಟರಿಗೆ ಅರ್ಜಿ ತುಂಬಿಕೊಡುವ ತಮ್ಮ ಜಾಹೀರಾತನ್ನು ಸಾವಿರಾರು ಗುಂಪುಗಳಿಗೆ ಒಮ್ಮೆಲೇ ಸುರಿದರು. ಸಂಗೀತ, ಗಣಿತ, ಅಡುಗೆ, ಎಲ್ಲಿ ನೋಡಿದರೂ ಗ್ರೀನ್ ಕಾರ್ಡ್! ತಡೆಯಲು ಬಾಗಿಲು ಕಾಯುವವರೇ ಇರಲಿಲ್ಲ. ಆಮೇಲೆ ಅಂಥ ಕಸ ಹೊಳೆಯಂತೆ ಹರಿಯಿತು, ಸಜ್ಜನರು ಒಬ್ಬೊಬ್ಬರಾಗಿ ಎದ್ದು ಹೋದರು. ಬಾಯಿ ಮುಚ್ಚಿಸಲು ಯಾರೂ ಇಲ್ಲದ ಸಂತೆಯಲ್ಲಿ ಗದ್ದಲವೇ ಮಾತನ್ನು ನುಂಗುತ್ತದೆ. ಕೇಂದ್ರವಿಲ್ಲದ್ದರ ನಷ್ಟ ಇದು.

ಈ ಕಾಲದ ಜಾಲಗಳು

ಯೂಸ್‌ನೆಟ್ ಬಿಟ್ಟು ಎದ್ದ ಜನ ಮುಂದಿನ ದಶಕದಲ್ಲಿ ದೊಡ್ಡ ಕಂಪನಿಗಳ ಅಂಗಳದಲ್ಲಿ ಕುಳಿತರು. ಅಂಗಳ ಚೊಕ್ಕಟವಾಗಿತ್ತು, ಬಾಡಿಗೆಯೂ ಇರಲಿಲ್ಲ. ಆದರೆ ಗೇಟು ಒಂದೇ. ಗೇಟಿನ ಮೇಲೆ ಸರ್ಕಾರಗಳ ಕಣ್ಣು ಬೀಳಲು ತಡವಾಗಲಿಲ್ಲ. ಈ ವ್ಯಾಜ್ಯಗಳಲ್ಲಿ ಎರಡು ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ನಡೆದಿವೆ. ಕೇಂದ್ರ ಸರ್ಕಾರದ ತಡೆ ಆದೇಶಗಳನ್ನು ಪ್ರಶ್ನಿಸಿದ ಟ್ವಿಟರ್ ಅರ್ಜಿಯನ್ನು ೨೦೨೩ರ ಜೂನ್ ೩೦ರಂದು ವಜಾ ಮಾಡಿದ ನ್ಯಾಯಾಲಯ, ೫೦ ಲಕ್ಷ ರೂಪಾಯಿ ಕಟ್ಟುವಂತೆಯೂ ಹೇಳಿತು. ‘ಸಹಯೋಗ್’ ಎಂಬ ಸರ್ಕಾರಿ ಪೋರ್ಟಲನ್ನು ಪ್ರಶ್ನಿಸಿ ಅದೇ ಕಂಪನಿ ಎಕ್ಸ್ ಎಂಬ ಹೊಸ ಹೆಸರಿನಲ್ಲಿ ತಂದ ಅರ್ಜಿ ೨೦೨೫ರ ಸೆಪ್ಟೆಂಬರಿನಲ್ಲಿ ವಜಾ ಆಯಿತು. ತೀರ್ಪಿನ ಸರಿತಪ್ಪು ನ್ಯಾಯಶಾಸ್ತ್ರ ಬಲ್ಲವರಿಗೆ ಬಿಟ್ಟದ್ದು. ನಾನು ಗಮನಿಸುವುದು ಇಷ್ಟೇ: ಗೇಟು ಒಂದೇ ಇದ್ದಾಗ ಜಗಳ ಗೇಟು ಕಾಯುವ ಇಬ್ಬರು ದೊಡ್ಡವರದು, ಮಾತನಾಡಿದ ಸಣ್ಣವರು ಹೊರಗೆ ನಿಂತಿರುತ್ತಾರೆ.

ನಮ್ಮ ಯುವಕರು ಹೇಳುವ ಮ್ಯಾಸ್ಟೊಡಾನ್ ಎಂಬ ಜಾಲವನ್ನು ೨೦೧೬ರಲ್ಲಿ ಆರಂಭಿಸಿದವರು ಜರ್ಮನಿಯಲ್ಲಿದ್ದ ಯೂಜೆನ್ ರೋಚ್ಕೊ. ಇದು ಈಮೇಲ್ ಇದ್ದ ಹಾಗೆ. ನಿಮ್ಮ ಸರ್ವರ್ ಬೇರೆ, ನನ್ನ ಸರ್ವರ್ ಬೇರೆ, ಆದರೂ ಪತ್ರ ತಲುಪುತ್ತದೆ. ಸರ್ವರುಗಳು ತಮ್ಮೊಳಗೆ ಮಾತಾಡುವ ಭಾಷೆಗೆ ೨೦೧೮ರಲ್ಲಿ ಅಂತರಜಾಲದ ಮಾನಕ ಸಂಸ್ಥೆಯ ಮನ್ನಣೆಯೂ ಸಿಕ್ಕಿತು. ೨೦೧೯ರಲ್ಲಿ ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ ತಡೆಹಿಡಿಯಿತು. ಮೊದಲು ಆಕ್ಷೇಪಣೆ ಬಂದದ್ದು, ನಾಜಿ ವಂದನೆಗೆ ಕೈ ಎತ್ತಿದ ಗುಂಪಿನ ನಡುವೆ ಕೈ ಕಟ್ಟಿ ನಿಂತ ಒಬ್ಬ ಮನುಷ್ಯನ ಪ್ರಸಿದ್ಧ ಚಿತ್ರಕ್ಕೆ! ಆ ನವೆಂಬರಿನಲ್ಲಿ ಭಾರತದ ಬಹಳ ಜನ ಮುನಿಸಿಕೊಂಡು ಮ್ಯಾಸ್ಟೊಡಾನಿಗೆ ಹೋದರು. ಕೆಲವು ದಿನ ಇದ್ದು ಹಲವರು ಹಳೆಯ ಅಂಗಳಕ್ಕೇ ಮರಳಿದರು.

ಅದೇ ವರ್ಷದ ಜುಲೈಯಲ್ಲಿ ಇದರ ಮತ್ತೊಂದು ಮುಖವೂ ಕಂಡಿತು. ಗ್ಯಾಬ್ ಎಂಬ ಜಾಲದ ಮೇಲೆ ದ್ವೇಷದ ಮಾತಿಗೆ ಆಶ್ರಯ ಕೊಡುವುದೆಂಬ ಆರೋಪ ಇತ್ತು. ೨೦೧೮ರಲ್ಲಿ ಪಿಟ್ಸ್‌ಬರ್ಗಿನ ಯಹೂದಿ ಮಂದಿರದಲ್ಲಿ ೧೧ ಜನರನ್ನು ಕೊಂದವನು ಅಲ್ಲೇ ಬರೆಯುತ್ತಿದ್ದ. ಆ ಗ್ಯಾಬ್ ಮ್ಯಾಸ್ಟೊಡಾನ್‌ನ ತಂತ್ರಾಂಶವನ್ನೇ ಎತ್ತಿಕೊಂಡಿತು. ತಂತ್ರಾಂಶ ಮುಕ್ತವಾದ್ದರಿಂದ ಬೇಡವೆನ್ನಲು ಯಾರಿಗೂ ಅಧಿಕಾರವಿರಲಿಲ್ಲ. ಆಗ ಬಹುಪಾಲು ಸರ್ವರುಗಳನ್ನು ನಡೆಸುವವರು ತಾವು ತಾವೇ ತೀರ್ಮಾನಿಸಿ ಅದರೊಡನೆ ಕೊಡುಕೊಳ್ಳುವಿಕೆ ನಿಲ್ಲಿಸಿದರು. ಆದೇಶ ಯಾರೂ ಕೊಡಲಿಲ್ಲ. ಗ್ಯಾಬ್ ಅಳಿಯಲಿಲ್ಲ, ಆದರೆ ಉಳಿದವರ ಮನೆಯೊಳಕ್ಕೂ ಬರಲಿಲ್ಲ.

ಹಾಗೆಂದು ಇವು ಅಭೇದ್ಯ ಕೋಟೆಗಳೂ ಅಲ್ಲ. ೨೦೨೪ರ ಫೆಬ್ರುವರಿಯಲ್ಲಿ ಅಫ್ಘಾನಿಸ್ತಾನದ ಹೆಸರಿನ ವಿಳಾಸ ಬಳಸುತ್ತಿದ್ದ ಒಂದು ಮ್ಯಾಸ್ಟೊಡಾನ್ ಸರ್ವರಿನ ವಿಳಾಸವನ್ನೇ ತಾಲಿಬಾನ್ ಆಡಳಿತ ಕಿತ್ತುಕೊಂಡಿತು. ಸರ್ವರ್ ಸ್ವಂತದ್ದು, ಆದರೆ ಬಾಗಿಲ ಮೇಲಿನ ಹೆಸರಿನ ಫಲಕ ಇನ್ನೊಬ್ಬರದು. ೨೦೨೫ರ ಏಪ್ರಿಲಿನಲ್ಲಿ ಟರ್ಕಿ ಸರ್ಕಾರದ ಕೋರಿಕೆಯಂತೆ ಬ್ಲೂಸ್ಕೈ ಎಂಬ ಹೊಸ ಜಾಲ ೭೦ಕ್ಕೂ ಹೆಚ್ಚು ಖಾತೆಗಳನ್ನು ಆ ದೇಶದವರಿಗೆ ಮರೆಮಾಡಿತು. ಬೇರೆಯವರು ಮಾಡಿದ ಆ್ಯಪ್‌ಗಳ ಮೂಲಕ ಅವು ಕಾಣುತ್ತಿದ್ದವು ನಿಜ. ಆದರೆ ಹೆಚ್ಚಿನ ಜನ ಬಳಸುವುದು ಕಂಪನಿಯ ಸ್ವಂತ ಆ್ಯಪ್‌ನ್ನೇ. ಕಾಗದದ ಮೇಲೆ ದಾರಿಗಳು ಹತ್ತಿದ್ದರೂ ಎಲ್ಲರೂ ಒಂದೇ ದಾರಿಯಲ್ಲಿ ನಡೆದರೆ, ಕೇಂದ್ರ ಮತ್ತೆ ಹುಟ್ಟಿತೆಂದೇ ಅರ್ಥ.

ಸಭೆಯ ಮುಂದೆ ನನ್ನ ಮಾತು

ಹಾಗಾದರೆ ನಾವೇನು ಮಾಡಬೇಕು? ನಮ್ಮ ಮಕ್ಕಳ ಸಲಹೆಯ ಪರವಾಗಿ ನಾನು ಕೈ ಎತ್ತುತ್ತೇನೆ. ಒಂದು ಕಂಪನಿಯ ಯಂತ್ರದ ಒಂದು ಸಾಲಿಗೆ ನಮ್ಮ ಕೂಟದ ಮಾತು ನಿಲ್ಲಬಾರದು. ಆದರೆ ‘ಅಲ್ಲಿ ಯಾರೂ ನಮ್ಮ ಬಾಯಿ ಮುಚ್ಚಿಸಲಾರರು’ ಎಂಬ ಮಾತಿಗೆ ಮಾತ್ರ ನನ್ನ ತಕರಾರಿದೆ. ಬಾಯಿ ಮುಚ್ಚಿಸುವ ಅಧಿಕಾರ ಅಲ್ಲಿ ಇಲ್ಲವಾಗುವುದಿಲ್ಲ, ಅದು ನಮ್ಮ ಕೈಗೇ ಬರುತ್ತದೆ. ನಾಳೆ ನಮ್ಮ ಸರ್ವರಿನಲ್ಲಿ ಒಬ್ಬ ಸದಸ್ಯರು ಇನ್ನೊಬ್ಬರ ಜಾತಿ ಹಿಡಿದು ಬೈದರೆ ತೆಗೆಯುವವರು ಯಾರು? ಚುನಾವಣೆಯ ಕಾಲದಲ್ಲಿ ಸುಳ್ಳು ಸುದ್ದಿ ಹಬ್ಬಿದರೆ ತಿದ್ದುಪಡಿ ಹಾಕುವವರು ಯಾರು? ಅಧ್ಯಕ್ಷರನ್ನೇ ಟೀಕಿಸಿದ ಬರಹವನ್ನು ತೆಗೆಯಿರಿ ಎಂದು ಅಧ್ಯಕ್ಷರೇ ಫೋನ್ ಮಾಡಿದರೆ ‘ಆಗುವುದಿಲ್ಲ’ ಎನ್ನುವವರು ಯಾರು? ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಈ ಕೊನೆಯ ಪ್ರಶ್ನೆ.

ಆದ್ದರಿಂದ ಠರಾವಿಗೆ ಮೂರು ಷರತ್ತು ಸೇರಿಸಬೇಕೆಂದು ಕೇಳಿಕೊಳ್ಳುತ್ತೇನೆ. ಸರ್ವರಿನ ಹೊಣೆ ಹೊರುವ ಮೂವರ ಹೆಸರು ಸಭೆಯಲ್ಲೇ ತೀರ್ಮಾನವಾಗಲಿ, ಅವರು ಕಾರ್ಯಕಾರಿ ಸಮಿತಿಯ ಹೊರಗಿನವರಾಗಿರಲಿ. ಯಾವ ಬರಹವನ್ನು ತೆಗೆದರೂ ಏಕೆ ತೆಗೆದೆವೆಂದು ಎಲ್ಲರಿಗೂ ಕಾಣುವಂತೆ ಬರೆಯಲಿ. ತಪ್ಪಾದರೆ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಬರಲಿ. ಆ ಮೂವರಲ್ಲಿ ಒಬ್ಬನಾಗಿರಲು ನಾನು ಸಿದ್ಧ, ಇನ್ನಿಬ್ಬರು ಬೇಕು. ಒಬ್ಬರಾದರೂ ಈ ಸಲಹೆ ಕೊಟ್ಟ ಯುವಜನರಲ್ಲಿ ಇರಲಿ.

ಮತ್ತೊಂದು ಬಿನ್ನಹ. ಹೊಸ ಜಾಲ ಬಂತೆಂದು ಈ ಝೆರಾಕ್ಸ್ ಪತ್ರಿಕೆಯನ್ನು ನಿಲ್ಲಿಸಬೇಡಿ. ರಾಜ್ಯೋತ್ಸವದ ದಿನ ನಿಮ್ಮನ್ನು ಸಭಾಂಗಣಕ್ಕೆ ಕರೆತಂದದ್ದು ಇದೇ. ಓದಿ ಮುಗಿಸಿದ ಮೇಲೆ ನಿಮ್ಮ ಪ್ರತಿಯನ್ನು ಪಕ್ಕದ ಮನೆಯ ಕನ್ನಡಿಗರಿಗೆ ಕೊಡಿ. ಸಭೆಯ ದಿನ ಅವರನ್ನೂ ಕರೆದುಕೊಂಡು ಬನ್ನಿ.